ಮೂರು ಊರುಗಳ ಅಳತೆ

ಬ್ಯಾಡಗಿಯ ಎಪಿಎಂಸಿ ಪ್ರಾಂಗಣದಲ್ಲಿ ಸೋಮವಾರ ಮತ್ತು ಗುರುವಾರಗಳಂದು ಮೆಣಸಿನಕಾಯಿಯ ಚೀಲಗಳು ಸಾಲುಗಟ್ಟಿ ನಿಂತಾಗ ಹೊರಗಿನಿಂದ ಬಂದವನ ಕಣ್ಣಿಗೆ ಎಲ್ಲವೂ ಒಂದೇ ಕೆಂಪು. ಆದರೆ ಬಾಳಿನ ಬಹುಭಾಗವನ್ನು ಈ ವ್ಯಾಪಾರದಲ್ಲಿಯೇ ಕಳೆದ ವರ್ತಕನಿಗೆ ಹಾಗೆ ಕಾಣುವುದಿಲ್ಲ. ಅವನು ಚೀಲದ ಬಾಯಲ್ಲಿರುವ ಕಾಯಿಯನ್ನು ನೋಡಿ ಬೆಲೆ ಬರೆಯುವವನಲ್ಲ. ಕೈಯನ್ನು ಒಳಗಿಳಿಸಿ ತಳದ ಕಾಯಿಯನ್ನು ಹೊರತೆಗೆಯುತ್ತಾನೆ. ಮುರಿದು ಬೀಜ ನೋಡುತ್ತಾನೆ. ಸುಕ್ಕನ್ನು ಬೆರಳಿನಿಂದ ತಡವುತ್ತಾನೆ. ತೂಕ ಹೆಚ್ಚಲೆಂದು ನೀರು ಚಿಮುಕಿಸಿರುವರೇ ಎಂದು ಅಂಗೈಯಲ್ಲಿ ಹಿಡಿದು ತೇವವನ್ನು ಅಳೆಯುತ್ತಾನೆ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಬ್ಯಾಡಗಿ ಕಾಯಿಯ ಹೆಗ್ಗಳಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಆದರೂ ನೋಟಕ್ಕೆ ಅದರಂತೆಯೇ ಇರುವ ಬೇರೆ ಕಾಯಿಯನ್ನು ಅದೇ ಹೆಸರಿನಲ್ಲಿ ಮಾರುವವರು ಇಲ್ಲದಿಲ್ಲ. ಹೆಸರು ಒಂದು, ಒಳಗಿನ ವಸ್ತು ಇನ್ನೊಂದು ಆಗಿರುವ ವ್ಯವಹಾರವನ್ನು ಶಾಸ್ತ್ರಕಾರರು ಪ್ರತಿರೂಪಕ ವ್ಯವಹಾರವೆಂದು ಕರೆದು, ಅದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ.

ಈ ಪೇಟೆಯಲ್ಲಿ ದಲಾಲಿ ಅಂಗಡಿಯನ್ನು ನಡೆಸಿ ಈಗ ಮಗ್ಗುಲಿಗೆ ಸರಿದಿರುವ ಹಿರಿಯ ಶ್ರಾವಕರೊಬ್ಬರಿದ್ದಾರೆ. ಅವರ ಮಗ ರಾಣೇಬೆನ್ನೂರಿನಲ್ಲಿ ಬೀಜದ ವ್ಯಾಪಾರ ಮಾಡುತ್ತಾರೆ. ಮೊಮ್ಮಗಳು ಹಾವೇರಿಯಲ್ಲಿ ವಿದ್ಯಾರ್ಥಿನಿಲಯದಲ್ಲಿದ್ದು ಎಂ.ಕಾಂ. ಓದುತ್ತಾಳೆ. ಹೀಗೆ ಒಂದೇ ಮನೆತನ ಮೂರು ಊರುಗಳಲ್ಲಿ ಹಂಚಿಹೋಗಿದೆ. ರಜೆಯ ಒಂದು ದಿನ, ಸೂರ್ಯಾಸ್ತಕ್ಕೆ ಮುಂಚಿನ ಊಟ ಮುಗಿದು ಅಜ್ಜ ಪಡಸಾಲೆಯಲ್ಲಿ ಸ್ವಾಧ್ಯಾಯಕ್ಕೆ ಕುಳಿತಾಗ ಮೊಮ್ಮಗಳು ಬಂದು ಎದುರಿಗೆ ಕುಳಿತಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಾ, ಮೊಬೈಲಿನ್ಯಾಗ ಹುಡುಗ ಹುಡುಗಿ ಪರಿಚಯ ಮಾಡ್ಕೊಳ್ಳೋ ಆ್ಯಪ್ ಅಂತ ಇರ್ತಾವ್ರಿ. ಅದ್ರಾಗ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ತಿಳಿಯೂದು ಹೆಂಗ?” ಎಂದು ಕೇಳಿದಳು.

ಅಜ್ಜನ ಮುಖ ಕೆಂಪೇರಿತು. ಇಂಥ ಪ್ರಶ್ನೆ ಈ ಮನೆಯ ಪಡಸಾಲೆಯಲ್ಲಿ ಹಿಂದೆಂದೂ ಕೇಳಿಬಂದಿರಲಿಲ್ಲ. “ನಾಳೆನ ನಿಮ್ಮಪ್ಪಗ ಹೇಳಿ ಆ ಫೋನ್ ಕಸಗೊಂಡು ಇಡಸ್ತೀನಿ. ಓದಿದ್ದು ಸಾಕು” ಎಂದರು.

ಆಕೆ ಏಳಲಿಲ್ಲ. “ನನ್ನ ಗೆಳತಿ ನಾಕು ತಿಂಗಳು ಯಾರಿಗೂ ಹೇಳಲಿಲ್ಲ ಅಜ್ಜಾ. ಯಾಕ ಅಂದ್ರ, ಅವರಪ್ಪನೂ ಇದ ಮಾತ ಆಡ್ತಾರ ಅಂತ ಆಕಿಗೆ ಗೊತ್ತಿತ್ತು” ಎಂದಳು.

ಆ ಮೇಲೆ ಗೆಳತಿಯ ವೃತ್ತಾಂತವೆಲ್ಲ ಹೊರಬಂದಿತು. ರಾಣೇಬೆನ್ನೂರಿನ ಕಡೆಯ ಆ ಹುಡುಗಿ ಇಂಥದೊಂದು ಆ್ಯಪ್‌ನಲ್ಲಿ ತರುಣನೊಬ್ಬನ ಪರಿಚಯ ಮಾಡಿಕೊಂಡಿದ್ದಳು. ಹುಬ್ಬಳ್ಳಿಯಲ್ಲಿ ಎಂಜಿನಿಯರ್ ಎಂದು ಆತ ಬರೆದುಕೊಂಡಿದ್ದ. ಕೆಲವೇ ದಿನಗಳಲ್ಲಿ ಮಾತು ಆ್ಯಪ್‌ನಿಂದ ವಾಟ್ಸ್ಆ್ಯಪ್‌ಗೆ ಬಂದಿತು. ಒಂದು ರಾತ್ರಿಯ ವಿಡಿಯೋ ಕರೆಯನ್ನು ಆತ ಗುಟ್ಟಾಗಿ ಮುದ್ರಿಸಿಕೊಂಡ. ಮರುದಿನದಿಂದ ಬೆದರಿಕೆ ಮೊದಲಾಯಿತು: ಹಣ ಕೊಡದಿದ್ದರೆ ತಂದೆಗೂ ಬಂಧುಗಳಿಗೂ ಕಳಿಸುತ್ತೇನೆ ಎಂದು. ಆಕೆ ವಿದ್ಯಾರ್ಥಿನಿಲಯದ ಶುಲ್ಕಕ್ಕೆಂದು ಮನೆಯವರು ಕೊಟ್ಟ ಹಣವನ್ನು ಕೊಟ್ಟಳು, ಕಿವಿಯೋಲೆಯನ್ನು ಅಡವಿಟ್ಟಳು, ಊಟ ಬಿಟ್ಟಳು. ಕೊನೆಗೆ ಒಂದು ರಾತ್ರಿ ಆಕೆ ಮಾಳಿಗೆಯ ಮೇಲೆ ಒಬ್ಬಳೇ ನಿಂತಿದ್ದುದನ್ನು ಕಂಡು ಮೊಮ್ಮಗಳು ಕೈಹಿಡಿದು ಕೆಳಗೆ ಕರೆತಂದಾಗ ವಿಷಯ ತಿಳಿಯಿತು.

ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ವ್ಯಾಪಾರಿಯಾದ ಅವರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಬೆದರಿಸಿ ಹಣ ಕೀಳುವವನಿಗೂ ಮೂಲಧನ ಬೇಕು. ಆ ವಂಚಕನ ಮೂಲಧನ ಕೇವಲ ಒಂದು ವಿಡಿಯೋ ಅಲ್ಲ. ಮಗಳು ಮನೆಯಲ್ಲಿ ಬಾಯಿಬಿಡಲಾರಳು ಎಂಬ ಭರವಸೆಯೇ ಅವನ ನಿಜವಾದ ಬಂಡವಾಳ. ಆ ಬಂಡವಾಳವನ್ನು ಅವನಿಗೆ ಒದಗಿಸಿದವರು ಮನೆಯವರೇ. ಅರ್ಧ ಗಂಟೆಯ ಹಿಂದೆ ತಾವೂ ಅದೇ ಮಾತನ್ನಾಡಿದ್ದು ಅವರಿಗೆ ನೆನಪಾಯಿತು.

ಮೊದಲು ಆಗಬೇಕಾದ ಕೆಲಸ ಆ ಹುಡುಗಿಯದು. ಮರುದಿನ ಸೊಸೆಯನ್ನು ಕರೆಸಿಕೊಂಡರು. ಸೊಸೆಯೂ ಮೊಮ್ಮಗಳೂ ಆ ಹುಡುಗಿಯ ಜೊತೆಯಲ್ಲಿ ಹಾವೇರಿಯ ಸಿಇಎನ್ ಠಾಣೆಗೆ, ಎಂದರೆ ಸೈಬರ್, ಆರ್ಥಿಕ ಮತ್ತು ಮಾದಕ ಅಪರಾಧಗಳ ಠಾಣೆಗೆ ಹೋಗಿ ದೂರು ಕೊಟ್ಟರು. ಇಂಥ ಸಂದರ್ಭದಲ್ಲಿ ತಿಳಿದಿರಬೇಕಾದ ವಿಷಯಗಳು ಹೆಚ್ಚಿಲ್ಲ. ಆದರೆ ಪ್ರತಿಯೊಂದು ಮನೆಯಲ್ಲಿಯೂ ತಿಳಿದಿರಬೇಕು. ಬೆದರಿಸುವವನಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ, ಬೆಳೆಯುತ್ತದೆ. ಸಂದೇಶಗಳನ್ನು ಹೆದರಿ ಅಳಿಸಬಾರದು, ಅವೇ ಸಾಕ್ಷ್ಯ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಜೀವಕ್ಕೆ ಅಪಾಯವೆನಿಸಿದರೆ 112, ಮಹಿಳೆಯರ ಸಹಾಯಕ್ಕೆ 181. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಕಂಪ್ಯೂಟರಿನ ಮೂಲಕ ಬೇರೆಯವರಂತೆ ನಟಿಸಿ ಮೋಸಗೊಳಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆಯೂ, ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದು ಅಥವಾ ಹರಡುವುದು 66ಇ ಕಲಮಿನಂತೆಯೂ ಅಪರಾಧ. ಖಾಸಗಿ ಚಿತ್ರ ಹರಡದಂತೆ ತಡೆಯಲು 2021ರ ಕೊನೆಯಲ್ಲಿ ಆರಂಭವಾದ ‘ಸ್ಟಾಪ್ ಎನ್‌ಸಿಐಐ’ ಎಂಬ ವ್ಯವಸ್ಥೆಯಿದೆ. ಅದಕ್ಕೆ ಚಿತ್ರವನ್ನು ಕಳಿಸಬೇಕಾಗಿಲ್ಲ. ಚಿತ್ರದ ಬೆರಳಚ್ಚಿನಂಥ ಒಂದು ಸಂಕೇತವನ್ನು ನಮ್ಮ ಫೋನಿನಲ್ಲಿಯೇ ತಯಾರಿಸಿ ಅದನ್ನಷ್ಟೇ ಕಳಿಸಿದರೆ, ಅದರಲ್ಲಿ ಪಾಲ್ಗೊಂಡಿರುವ ತಾಣಗಳು ಆ ಚಿತ್ರವನ್ನು ಗುರುತಿಸಿ ತಡೆಯಬಲ್ಲವು.

ದೂರು ದಾಖಲಾದ ಮೇಲೆ ಬೆದರಿಕೆ ನಿಂತಿತು. ಹೋದ ಹಣ ಮರಳಲಿಲ್ಲ. ಹುಡುಗಿಯ ತಂದೆ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲವೆಂದೂ, ಮೂರನೆಯ ದಿನ ತಾವೇ ಗಾಡಿಯಲ್ಲಿ ಕೂರಿಸಿಕೊಂಡು ಮಗಳನ್ನು ಕಾಲೇಜಿಗೆ ಬಿಟ್ಟುಬಂದರೆಂದೂ ಆಮೇಲೆ ತಿಳಿಯಿತು.

ಇಷ್ಟಾದ ಮೇಲೂ ಮೊಮ್ಮಗಳ ಮೊದಲ ಪ್ರಶ್ನೆ ಉಳಿದೇ ಇತ್ತು. ಅಜ್ಜ, “ವಧೂವರರ ತಾಣಗಳು ಅದಾವಲ್ಲ, ಅವು ಸಾಲದೇನು?” ಎಂದರು. ಆಕೆಯ ಉತ್ತರ ನೇರವಾಗಿತ್ತು: ಮದುವೆಗೆ ಇನ್ನೂ ಮನಸ್ಸಿಲ್ಲ, ಮನುಷ್ಯರನ್ನು ಅರಿಯದೆ ಒಪ್ಪಿಕೊಳ್ಳುವ ಧೈರ್ಯವೂ ಇಲ್ಲ. ಅಲ್ಲದೆ ಮೋಸ ಅಲ್ಲಿಯೂ ಇದೆ. ಇದ್ದುದರಿಂದಲೇ ಕೇಂದ್ರ ಸರ್ಕಾರ 2016ರ ಜೂನ್‌ನಲ್ಲಿ ವಿವಾಹ ತಾಣಗಳಿಗೆ ಸಲಹಾಸೂತ್ರಗಳನ್ನು ಹೊರಡಿಸಿ, ಸದಸ್ಯರ ಗುರುತಿನ ದಾಖಲೆಯನ್ನು ಪಡೆಯಬೇಕೆಂದೂ, ತಾವು ಡೇಟಿಂಗ್ ತಾಣವಲ್ಲವೆಂದು ಸ್ಪಷ್ಟವಾಗಿ ಪ್ರಕಟಿಸಬೇಕೆಂದೂ ಹೇಳಬೇಕಾಯಿತು. ಅಜ್ಜನಿಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ. ಆದರೆ ಒಪ್ಪಿಗೆಯಾಗದ ವಿಷಯದಲ್ಲಿಯೂ ಮಗುವನ್ನು ಕಾಯುವುದು ಹಿರಿಯರ ಹೊಣೆಯೇ ಹೌದು. ಒಪ್ಪಿಗೆ ಬೇರೆ, ರಕ್ಷಣೆ ಬೇರೆ. ಅವರು ಹಳೆಯ ಕಿರ್ದಿ ಪುಸ್ತಕದ ಖಾಲಿ ಹಾಳೆಯೊಂದನ್ನು ತೆಗೆದು, “ಹೇಳು, ಅವೆಲ್ಲ ಯಾರ ಅಂಗಡಿ?” ಎಂದರು.

ಮೊದಲ ಪರೀಕ್ಷೆ ಅದೇ: ಅಂಗಡಿ ಯಾರದು, ಅದರ ಲಾಭ ಎಲ್ಲಿಂದ? ಟಿಂಡರ್ 2012ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಬಂಬಲ್ 2014ರಲ್ಲಿ ಅಲ್ಲಿಯೇ ಆರಂಭವಾಗಿ 2018ರಲ್ಲಿ ಭಾರತಕ್ಕೆ ಬಂದಿತು. ಬೆಂಗಳೂರಿನ ಐಲ್ ಸಂಸ್ಥೆ ಕನ್ನಡಿಗರಿಗೆಂದೇ ‘ನೀನೆ’ ಎಂಬ ಆ್ಯಪನ್ನು ಹೊರತಂದಿತು. ಹೆಸರು ಕನ್ನಡದ್ದಾದ ಮಾತ್ರಕ್ಕೆ ಸುರಕ್ಷಿತವೆಂದಲ್ಲ, ವಿದೇಶದ್ದಾದ ಮಾತ್ರಕ್ಕೆ ಅಪಾಯವೆಂದೂ ಅಲ್ಲ. ಸದಸ್ಯರಿಂದ ಹಣ ಪಡೆದು ನಡೆಯುವ ಅಂಗಡಿ ಒಂದು ಬಗೆ. ಸದಸ್ಯರ ಮಾಹಿತಿಯನ್ನೇ ಜಾಹೀರಾತುದಾರರಿಗೆ ಒದಗಿಸುವ ಅಂಗಡಿ ಇನ್ನೊಂದು ಬಗೆ. ಎರಡನ್ನೂ ಮಾಡುವವು ಹಲವು. ಮೊಜಿಲ್ಲಾ ಸಂಸ್ಥೆ 2024ರಲ್ಲಿ 25 ಡೇಟಿಂಗ್ ಆ್ಯಪ್‌ಗಳ ಗೋಪ್ಯತಾನೀತಿಯನ್ನು ಪರಿಶೀಲಿಸಿ, ಅವುಗಳಲ್ಲಿ 22ಕ್ಕೆ ಎಚ್ಚರಿಕೆಯ ಗುರುತು ಹಾಕಿತು. ಪುಕ್ಕಟೆಯ ದಲಾಲಿ ಎಲ್ಲಿಯೂ ಇಲ್ಲವೆಂಬುದು ಬ್ಯಾಡಗಿಯವರಿಗೆ ಹೊಸ ಮಾತೇನಲ್ಲ.

ಎರಡನೆಯ ಪರೀಕ್ಷೆ ಇರುವ ಜಾಗದ್ದು. ಇದನ್ನು ಅಜ್ಜನಿಗೆ ಮೊಮ್ಮಗಳೇ ವಿವರಿಸಿದಳು. ಇಂಥ ಆ್ಯಪ್‌ಗಳು ಎದುರಿನ ವ್ಯಕ್ತಿ ಎಷ್ಟು ಕಿಲೋಮೀಟರ್ ದೂರದಲ್ಲಿರುವನೆಂದು ತೋರಿಸುತ್ತವೆ. ಅದೊಂದೇ ಅಂಕಿಯಿಂದ ಜಾಗ ತಿಳಿಯದು. ಆದರೆ ಒಬ್ಬನು ಹಾವೇರಿಯಲ್ಲಿ ನಿಂತು ದೂರವನ್ನು ನೋಡಿಕೊಂಡ, ಬ್ಯಾಡಗಿಯಲ್ಲಿ ನಿಂತು ನೋಡಿಕೊಂಡ, ರಾಣೇಬೆನ್ನೂರಿನಲ್ಲಿ ನಿಂತು ನೋಡಿಕೊಂಡ ಎನ್ನೋಣ. ನಕಾಶೆಯಲ್ಲಿ ಆ ಮೂರು ಊರುಗಳನ್ನು ಕೇಂದ್ರ ಮಾಡಿ ಕೈವಾರದಿಂದ ಮೂರು ವೃತ್ತ ಎಳೆದರೆ, ಮೂರೂ ಕೂಡುವ ಬಿಂದುವಿನಲ್ಲಿ ಆ ಹುಡುಗಿ ಇರುತ್ತಾಳೆ. ಊರೂರು ಅಲೆಯಲೂ ಬೇಕಿಲ್ಲ. ಫೋನಿಗೆ ಸುಳ್ಳು ಸ್ಥಳ ಕೊಟ್ಟು ಕುಳಿತಲ್ಲಿಯೇ ಈ ಲೆಕ್ಕ ಮಾಡಬಹುದು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 15 ಆ್ಯಪ್‌ಗಳನ್ನು ಪರೀಕ್ಷಿಸಿ, ಆರರಲ್ಲಿ ಇಂಥ ಲೆಕ್ಕದಿಂದ ಬಳಕೆದಾರರು ಇರುವ ಜಾಗವನ್ನು ಬಹಳ ಹತ್ತಿರಕ್ಕೆ ಕಂಡುಹಿಡಿಯಬಹುದೆಂದು 2024ರಲ್ಲಿ ತೋರಿಸಿದರು. ಅವುಗಳಲ್ಲಿ ಬಂಬಲ್ ಮತ್ತು ಹಿಂಜ್ ಕೂಡ ಇದ್ದವು. ಸಂಶೋಧಕರು ತಿಳಿಸಿದ ಬಳಿಕ ಆ ಲೋಪಗಳನ್ನು ಸರಿಪಡಿಸಲಾಯಿತು. ಆದರೂ ನಗರಕ್ಕೆ ಒಪ್ಪುವ ವ್ಯವಸ್ಥೆ ಸಣ್ಣ ಊರಿಗೆ ಒಪ್ಪುವುದಿಲ್ಲವೆಂಬ ಪಾಠ ಉಳಿಯುತ್ತದೆ. ಬೆಂಗಳೂರಿನಲ್ಲಿ ಐದು ಕಿಲೋಮೀಟರ್ ಎಂದರೆ ಲಕ್ಷಾಂತರ ಜನ. ಹಾವೇರಿಯಲ್ಲಿ ಐದು ಕಿಲೋಮೀಟರ್ ಎಂದರೆ ಇಡೀ ಊರು. ಆದ್ದರಿಂದ ದೂರವನ್ನು ಮರೆಮಾಡಲು ಅವಕಾಶವಿಲ್ಲದ ಆ್ಯಪನ್ನು ಕಾಲೇಜಿನ ಹುಡುಗಿ ಮುಟ್ಟಬಾರದು. ಫೋನಿನಲ್ಲಿ ನಿಖರ ಸ್ಥಳದ ಬದಲು ಅಂದಾಜು ಸ್ಥಳವನ್ನಷ್ಟೇ ಕೊಡುವ ಅನುಕೂಲವಿದೆ, ಅದನ್ನು ಬಳಸಬೇಕು. ಕಾಲೇಜಿನ ಹೆಸರು, ವಿದ್ಯಾರ್ಥಿನಿಲಯದ ಬಾಗಿಲು, ದಿನವೂ ಹತ್ತುವ ಬಸ್ಸು ಚಿತ್ರದಲ್ಲಿಯೂ ಕಾಣಬಾರದು. ಬೇರೆಡೆ ಹಾಕಿರುವ ಚಿತ್ರವನ್ನು ಇಲ್ಲಿ ಹಾಕಿದರೆ, ಅದೊಂದನ್ನೇ ಹಿಡಿದು ಹುಡುಕಿ ಹೆಸರು ಕಂಡುಕೊಳ್ಳುವುದು ಸುಲಭ. ಮೊಬೈಲ್ ಸಂಖ್ಯೆಯನ್ನೂ ಬೇಗನೆ ಕೊಡಬಾರದು. ಯುಪಿಐ ಆ್ಯಪ್‌ನಲ್ಲಿ ಸಂಖ್ಯೆ ಒತ್ತಿದರೆ ಬ್ಯಾಂಕಿನಲ್ಲಿರುವ ಹೆಸರು ತಾನೇ ಮೂಡುತ್ತದೆಂಬುದು ಅಂಗಡಿಯವರಿಗೆಲ್ಲ ಗೊತ್ತು.

ಮೂರನೆಯದು ಪರಿಶೀಲನೆಯ ಗುರುತು. ಆಗ ತಾನೇ ತೆಗೆದ ಮುಖಚಿತ್ರವನ್ನು ಪ್ರೊಫೈಲಿನ ಚಿತ್ರಕ್ಕೆ ಹೋಲಿಸಿ ಗುರುತು ಕೊಡುವ ಕ್ರಮ ಈಗ ಅನೇಕ ಆ್ಯಪ್‌ಗಳಲ್ಲಿದೆ. ಇಂಥ ಗುರುತಿಲ್ಲದವರೊಡನೆ ಮಾತು ಬೇಡ. ಆದರೆ ಆ ಗುರುತು ಹೇಳುವುದು ಮುಖವೂ ಚಿತ್ರವೂ ಒಂದೇ ಎಂಬುದನ್ನು ಮಾತ್ರ. ಉದ್ಯೋಗ, ವಿವಾಹಸ್ಥಿತಿ, ಶೀಲಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದು ಚೀಲದ ಮೇಲಿನ ಮುದ್ರೆ. ತಳದ ಕಾಯಿಯನ್ನು ನಾವೇ ನೋಡಬೇಕು. ಇಲ್ಲದ ವೃತ್ತಿ, ಇಲ್ಲದ ವಯಸ್ಸು ಬರೆದುಕೊಳ್ಳುವುದಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಒಂದು ಹೆಸರಿದೆ: ಕೂಟಲೇಖಕ್ರಿಯೆ. ಅಜ್ಜ ಆ ಪದವನ್ನು ಖೊಟ್ಟಿ ದಸ್ತಾವೇಜು ಎಂಬರ್ಥದಲ್ಲಿ ಎಷ್ಟೋ ಸಲ ವಿವರಿಸಿದ್ದರು. ಅದು ಅಂಗೈಯಲ್ಲಿನ ಯಂತ್ರಕ್ಕೂ ಹೊಂದುತ್ತದೆಂದು ಆ ದಿನ ಅರಿತರು.

ಇಟ್ಟ ಅಡವು ಎಷ್ಟು ಭದ್ರ ಎಂಬುದು ನಾಲ್ಕನೆಯದು. ನಂಬಿ ಒಪ್ಪಿಸಿದ ನಿಕ್ಷೇಪವನ್ನು ನುಂಗುವುದಕ್ಕೆ ನ್ಯಾಸಾಪಹಾರವೆಂದು ಹೆಸರು. ಒಪ್ಪಿಸಿಕೊಂಡವನು ನುಂಗದಿದ್ದರೂ ಕಳ್ಳರ ಪಾಲು ಮಾಡಿದರೆ ಇಟ್ಟವರ ಪಾಡು ಒಂದೇ. ಅಮೆರಿಕದ ‘ಟೀ’ ಎಂಬ ಆ್ಯಪ್ ಸ್ತ್ರೀಯರ ಸುರಕ್ಷತೆಗೆಂದೇ ಸ್ಥಾಪಿತವಾಗಿತ್ತು. 2025ರ ಜುಲೈಯಲ್ಲಿ ಅದರ ಉಗ್ರಾಣದಿಂದ ಸುಮಾರು 72,000 ಚಿತ್ರಗಳು ಸೋರಿಹೋದವು. ಅವುಗಳಲ್ಲಿ ಸುಮಾರು 13,000 ಚಿತ್ರಗಳು ಸ್ತ್ರೀಯರು ಪರಿಶೀಲನೆಗೆಂದು ಕೊಟ್ಟಿದ್ದ ಮುಖಚಿತ್ರ ಮತ್ತು ಗುರುತಿನ ಚೀಟಿಗಳಾಗಿದ್ದವು. ಆದುದರಿಂದ ಹೊರಬಿದ್ದರೆ ಬಾಳಲಾಗದು ಎಂಬಂಥದ್ದನ್ನು ಯಾವ ಆ್ಯಪ್‌ಗೂ ಒಪ್ಪಿಸಬಾರದು. ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಯಿತು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ, ಮಾಹಿತಿಯನ್ನು ಅಳಿಸೆಂದು ಕೇಳುವ ಹಕ್ಕು ಆ ಕಾಯಿದೆಯಲ್ಲಿದೆ.

ಐದನೆಯ ಪರೀಕ್ಷೆಯನ್ನು ಅಜ್ಜ ತಾವಾಗಿಯೇ ಸೇರಿಸಿದರು: “ಉದ್ರಿ ಕೊಡೂಕಿಂತ ಮೊದಲ ವಸೂಲಿ ಹೆಂಗ ಅಂತ ನೋಡಬೇಕು. ಒಳಗ ಹೋಗೂ ಬಾಗಿಲಕಿಂತ ಹೊರಗ ಬರೂ ಬಾಗಿಲ ಮೊದಲ ನೋಡು.” ಖಾತೆಯನ್ನು ಪೂರ್ಣವಾಗಿ ಅಳಿಸಲು ದಾರಿಯಿದೆಯೇ, ಕೇವಲ ಆ್ಯಪನ್ನು ತೆಗೆದುಹಾಕಿದರೆ ಪ್ರೊಫೈಲ್ ಹಾಗೆಯೇ ಉಳಿಯುವುದೇ, ಕಿರುಕುಳ ಕೊಟ್ಟವನನ್ನು ತಡೆದು ದೂರು ಕೊಡಲು ಎಷ್ಟು ಹೆಜ್ಜೆ, ದೂರು ಅಧಿಕಾರಿಯ ವಿಳಾಸ ಇದೆಯೇ, ಬಂಧುಗಳ ಸಂಖ್ಯೆಗಳಿಗೆ ತಾನು ಕಾಣದಂತೆ ಮಾಡಬಹುದೇ? ಇವೆಲ್ಲ ಸೇರುವುದಕ್ಕೆ ಮುಂಚೆಯೇ ಓದಿಕೊಳ್ಳಬೇಕಾದವು. ಮೊದಲ ಭೇಟಿ ಹಗಲಿನಲ್ಲಿ, ಜನರಿರುವ ಜಾಗದಲ್ಲಿ, ತನ್ನದೇ ವಾಹನದಲ್ಲಿ ಹೋಗಿ, ಒಬ್ಬರಿಗಾದರೂ ಹೇಳಿ ಆಗಬೇಕು. ಹಣ ಕೇಳಿದವನು, ಹೆಚ್ಚು ಲಾಭದ ಹೂಡಿಕೆ ತೋರಿಸಿದವನು ಅಂದೇ ಕೊನೆ.

ಹಾಳೆ ತುಂಬುತ್ತಿದ್ದಂತೆ ಅಜ್ಜ ಮೊಮ್ಮಗಳನ್ನು ಒಂದು ಮಾತು ಕೇಳಿದರು. ಗೆಳತಿಯರು ಕೂಡಿ ಈ ಆ್ಯಪ್‌ಗಳ ಹುಡುಗರ ಚಿತ್ರ ನೋಡಿ ನಗುವುದುಂಟೇ, ಅವರು ಬರೆದುದನ್ನು ಇತರರಿಗೆ ತೋರಿಸುವುದುಂಟೇ ಎಂದು. ಆಕೆ ತಲೆ ತಗ್ಗಿಸಿದಳು. ಏಕಾಂತದಲ್ಲಿ ಒಬ್ಬರು ಆಡಿದುದನ್ನು ಬಯಲು ಮಾಡುವುದು ರಹೋಭ್ಯಾಖ್ಯಾನ. ಅದೂ ಸತ್ಯಾಣುವ್ರತಕ್ಕೆ ಅತಿಚಾರವೇ. ಬೆದರಿಕೆ ಬಂದಾಗ ದಾಖಲೆಯಾಗಿ ಠಾಣೆಗೆ ಒಯ್ಯುವುದು ಬೇರೆ, ನಗುವುದಕ್ಕಾಗಿ ಹಂಚುವುದು ಬೇರೆ. ತನಗೆ ಆಗಬಾರದೆಂದು ಬಯಸುವುದನ್ನು ತಾನು ಇನ್ನೊಬ್ಬರಿಗೆ ಮಾಡದಿರುವುದೂ ಈ ಲೆಕ್ಕದಲ್ಲಿ ಸೇರಬೇಕು.

ಹಿಂದಿನ ಕಾಲದಲ್ಲಿ ಸಂಬಂಧ ಗೊತ್ತುಮಾಡುವಾಗ ಹಿರಿಯರು ಒಂದೇ ಊರಿನಲ್ಲಿ ವಿಚಾರಿಸುತ್ತಿರಲಿಲ್ಲ. ಹಾವೇರಿಯ ಬೀಗರನ್ನು ಕೇಳುತ್ತಿದ್ದರು, ರಾಣೇಬೆನ್ನೂರಿನ ವರ್ತಕರನ್ನು ಕೇಳುತ್ತಿದ್ದರು, ಬ್ಯಾಡಗಿಯ ಬಸದಿಯಲ್ಲಿ ಕೂಡಿದವರನ್ನು ಕೇಳುತ್ತಿದ್ದರು. ಮೂರೂ ಮಾತು ಎಲ್ಲಿ ಕೂಡುತ್ತವೆಯೋ ಅಲ್ಲಿ ಆ ಮನುಷ್ಯನಿರುವನೆಂದು ತಿಳಿಯುತ್ತಿದ್ದರು. ವೃತ್ತ ಎಳೆಯುವ ಅದೇ ಲೆಕ್ಕ ಒಬ್ಬಳು ಹುಡುಗಿಯನ್ನು ಬೆನ್ನಟ್ಟುವುದಕ್ಕೂ ಸಾಧನ, ಒಬ್ಬ ಹುಡುಗನನ್ನು ಅರಿಯುವುದಕ್ಕೂ ಸಾಧನ. ಆ ಪದ್ಧತಿಯಲ್ಲಿ ದೋಷವಿರಲಿಲ್ಲವೆಂದಲ್ಲ. ಸಾಲವನ್ನು, ರೋಗವನ್ನು ಮುಚ್ಚಿಟ್ಟು ನಡೆದ ಮದುವೆಗಳು ಆಗಲೂ ಇದ್ದವು; ಎಲ್ಲರನ್ನೂ ಕೇಳುತ್ತಿದ್ದವರು ಹುಡುಗಿಯನ್ನು ಮಾತ್ರ ಕೇಳುತ್ತಿರಲಿಲ್ಲ. ತಮ್ಮ ಪತ್ನಿಯನ್ನು ಅಂದು ಯಾರೂ ಕೇಳಿರಲಿಲ್ಲವೆಂಬುದು ಅಜ್ಜನಿಗೆ ಗೊತ್ತಿತ್ತು. ಒಳಮನೆಯಲ್ಲಿ ಅಜ್ಜಿ ಕಾಳು ಹಸನು ಮಾಡುತ್ತ ಎಲ್ಲವನ್ನೂ ಆಲಿಸುತ್ತಿದ್ದರು.

ಹಾಳೆಯ ಕೊನೆಯಲ್ಲಿ ಅಜ್ಜ ತಮ್ಮ ಕೈಯಿಂದಲೇ ಒಂದು ಸಾಲು ಬರೆದರು: ಈ ವಿಷಯದಲ್ಲಿ ಮಗಳು ಏನೇ ಬಂದು ಹೇಳಿದರೂ ಆಕೆಯ ಓದನ್ನು ನಿಲ್ಲಿಸತಕ್ಕದ್ದಲ್ಲ. ಅದನ್ನು ನಿಯಮವೆಂದು ಭಾವಿಸಿ ಸಹಿ ಮಾಡಿದರು. ಮುಂದಿನ ರವಿವಾರ ರಾಣೇಬೆನ್ನೂರಿನಿಂದ ಬಂದ ಮಗನಿಂದಲೂ ಸಹಿ ಮಾಡಿಸಿದರು. ಮಗ ಓದಿ, ಎರಡು ಸಲ ತಂದೆಯ ಮುಖ ನೋಡಿ, ಆಮೇಲೆ ಸಹಿ ಹಾಕಿದರು.

ಮೊಮ್ಮಗಳು ಮೂರು ಆ್ಯಪ್‌ಗಳನ್ನು ಆ ಐದು ಪರೀಕ್ಷೆಗಳಿಗೆ ಒಡ್ಡಿ ಎರಡನ್ನು ಬಿಟ್ಟಳು. ಉಳಿದ ಒಂದರಲ್ಲಿ ಎರಡು ತಿಂಗಳಲ್ಲಿ ಇಬ್ಬರೊಡನೆ ಮಾತಾಡಿದಳು. ಒಬ್ಬನು ಎರಡನೆಯ ದಿನವೇ ಫೋನ್ ಸಂಖ್ಯೆ ಕೇಳಿ, ಕೊಡದಿದ್ದುದಕ್ಕೆ ಸಿಡುಕಿದ. ಅವನ ಲೆಕ್ಕ ಅಂದೇ ಮುಗಿಯಿತು. ಇನ್ನೊಬ್ಬನನ್ನು ಹಾವೇರಿಯಲ್ಲಿ ಹಗಲು ಹೊತ್ತಿನಲ್ಲಿ, ಪಕ್ಕದ ಮೇಜಿನಲ್ಲಿ ಗೆಳತಿಯನ್ನು ಕೂರಿಸಿಕೊಂಡು ಕಂಡು ಬಂದಳು. ಹೋಗುವ ಮುನ್ನ ಅಜ್ಜನಿಗೆ ಫೋನ್ ಮಾಡಿದ್ದಳು. ಮರಳಿದ ಮೇಲೂ ಮಾಡಿದಳು. ಅಜ್ಜ ಹೆಚ್ಚು ಕೇಳಲಿಲ್ಲ. ಅವರಿಗೆ ಈ ಮಾರ್ಗ ಇಂದಿಗೂ ಹಿಡಿಸಿಲ್ಲ. ಅದನ್ನು ಮೊಮ್ಮಗಳಿಂದ ಮುಚ್ಚಿಟ್ಟೂ ಇಲ್ಲ. ಆದರೆ ಎರಡು ಕರೆಗಳ ನಡುವಿನ ಒಂದೂವರೆ ಗಂಟೆ ಅವರು ಅಂಗಡಿಗೆ ಹೋಗದೆ ಫೋನಿನ ಬಳಿಯಲ್ಲಿಯೇ ಕುಳಿತಿದ್ದರೆಂದು ಅಜ್ಜಿ ಹೇಳುತ್ತಾರೆ.

ಪಾಠಶಾಲೆಗಳನ್ನು ನಡೆಸುವ ಬಸದಿಗಳ ವಿಶ್ವಸ್ಥರು, ಹೆಣ್ಣುಮಕ್ಕಳನ್ನು ಪರವೂರಿನ ಕಾಲೇಜಿಗೆ ಕಳಿಸುವ ತಂದೆತಾಯಿಯರು ಈ ಹಾಳೆಯನ್ನು ತಮ್ಮ ಮನೆಗಳಿಗೆ ತಕ್ಕಂತೆ ತಿದ್ದಿ ಬರೆದುಕೊಳ್ಳಬಹುದು. ಪರೀಕ್ಷೆಗಳ ಸಂಖ್ಯೆ ಐದಿರಲಿ, ಹತ್ತಿರಲಿ, ಕಾಲ ಬದಲಾದಂತೆ ಅವೂ ಬದಲಾಗುತ್ತವೆ. ಕೊನೆಯ ಆ ಒಂದು ಸಾಲನ್ನು ಮಾತ್ರ ಬಿಡಬಾರದು. ಅದರ ಕೆಳಗೆ ಮನೆಯ ಹಿರಿಯರ ಸಹಿಯೂ ಇರಬೇಕು.